ಹೊನಿಯಾರಾದ ಚೈನಾಟೌನ್ ಎರಡು ಸಲ ಉರಿದದ್ದು ಯಾಕೆ?

ಪೆಸಿಫಿಕ್ ಸಾಗರದ ದೇಶ ಸೊಲೊಮನ್ ದ್ವೀಪಗಳ ಪಾಠ ನಿನ್ನೆ ರಾತ್ರಿ ಮುಗಿಸಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಘಟನೆ ನಿಮಗೂ ಗೊತ್ತಿರುತ್ತೆ. 2019ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಸೊಗಾವರೆ ಸರ್ಕಾರ ತೈವಾನ್ ಜೊತೆಗಿನ 36 ವರ್ಷಗಳ ರಾಜತಾಂತ್ರಿಕ ನಂಟು ಕಡಿದುಕೊಂಡು ಚೀನಾ ಕಡೆ ಸೇರಿತು. 2021ರ ನವೆಂಬರ್ 24ರಂದು ರಾಜಧಾನಿ ಹೊನಿಯಾರಾದಲ್ಲಿ ಪ್ರತಿಭಟನೆ ಶುರುವಾಯಿತು. ಮೊದಲು ಸಂಸತ್ತಿನ ಪಕ್ಕದ ಎಲೆ ಹೊದಿಸಿದ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಚೈನಾಟೌನಿಗೆ.

ನೋಟ್‌ಬುಕ್ಕಿನಲ್ಲಿ ನಾನು ಒಂದೇ ಬಾಣ ಎಳೆದಿದ್ದೆ: ಚೀನಾಕ್ಕೆ ಮಾನ್ಯತೆ, ಅದರಿಂದ ಗಲಭೆ. ಇದೇ ಚೈನಾಟೌನ್ 2006ರ ಏಪ್ರಿಲಿನಲ್ಲೂ ಉರಿದಿತ್ತು ಎಂದು ಓದಿದಾಗ ಆ ಬಾಣ ನಿಲ್ಲಲಿಲ್ಲ. ಆಗ ಈ ದೇಶ ತೈವಾನಿನ ಗೆಳೆಯ! ಅಲ್ಲಿ ಚೀನಾದ ರಾಯಭಾರ ಕಚೇರಿಯೇ ಇರಲಿಲ್ಲ. ಆದರೂ ಸುಮಾರು 300 ಚೀನೀಯರನ್ನು ಕರೆಸಿಕೊಳ್ಳಲು ಚೀನಾ ವಿಮಾನದ ವ್ಯವಸ್ಥೆ ಮಾಡಿತು.

ಹಾಗಾದರೆ 2006ರಲ್ಲಿ ಆದದ್ದೇನು? ಅಲ್ಲಿ ಪ್ರಧಾನಿಯನ್ನು ಆರಿಸುವುದು 50 ಸಂಸದರು, ಅದೂ ಗುಟ್ಟಿನ ಮತದಾನದಲ್ಲಿ. ಸ್ನೈಡರ್ ರಿನಿ ಗೆದ್ದ ಕೂಡಲೇ, ಚೀನೀ ವ್ಯಾಪಾರಿಗಳ ಮತ್ತು ತೈವಾನಿನ ದುಡ್ಡಿನಿಂದ ಮತ ಖರೀದಿಯಾಗಿದೆ ಎಂಬ ಮಾತು ಹಬ್ಬಿತು. ದುಡ್ಡು ಕೈ ಬದಲಾಯಿಸಿತು ಎನ್ನುವ ಕೋಣೆಯೊಳಗೆ ಜನ ಹೋಗಲಾರರು. ಮಟಾನಿಕೊ ನದಿ ದಂಡೆಯ ಚೈನಾಟೌನಿನ ಅಂಗಡಿ ಮಾತ್ರ ದಿನಾ ಕಣ್ಣೆದುರಿಗೇ ಇರುತ್ತೆ, ಅಲ್ವಾ? ಎಂಟು ದಿನಕ್ಕೆ ರಿನಿ ರಾಜೀನಾಮೆ ಕೊಟ್ಟರು. ಅಂಗಡಿಗಳು ಅಷ್ಟರಲ್ಲಿ ಬೂದಿಯಾಗಿದ್ದವು.

ಅಲ್ಲಿನ ಪಿಜಿನ್ ಭಾಷೆಯಲ್ಲಿ ಚೀನೀಯರಿಗೆ 'ವಾಕು' ಅಂತಾರೆ. ಅಜ್ಜನ ಕಾಲದಲ್ಲಿ ದಕ್ಷಿಣ ಚೀನಾದ ಗುವಾಂಗ್‌ಡಾಂಗಿನಿಂದ ಬಂದು ನೆಲೆಸಿದ ಮನೆಯವರೂ ವಾಕು, ಹೋದ ವರ್ಷ ಬಂದವರೂ ವಾಕು. ಬೀಜಿಂಗ್ ಏನು ಮಾಡಿತು, ತೈಪೆ ಏನು ಮಾಡಿತು ಎಂದು ಬೀದಿ ವಿಂಗಡಿಸಿ ನೋಡುವುದಿಲ್ಲ. ನಾನು ನೆನಪಿಟ್ಟುಕೊಳ್ಳುವುದು ಹೀಗೆ: 2006 ತೈವಾನ್, 2021 ಚೀನಾ, ಉರಿದ ಬೀದಿ ಒಂದೇ. ಪರೀಕ್ಷೆಯಲ್ಲಿ ಕಾರಣ ಕೇಳಿದರೆ ಈ ಸಾಲಿನಿಂದಲೇ ಶುರು ಮಾಡಿ.

ಇನ್ನೊಂದು ಗಂಟು ಅದೇ ದೇಶದ ಮಲೈಟಾ ದ್ವೀಪ. ಎರಡನೇ ಮಹಾಯುದ್ಧದ ನಂತರ ಹೊನಿಯಾರಾ ರಾಜಧಾನಿಯಾಯಿತು. ಆ ಊರಿರುವ ಗ್ವಾಡಲ್‌ಕನಾಲ್ ದ್ವೀಪಕ್ಕೆ ಮಲೈಟಾದವರು ಕೆಲಸ ಹುಡುಕಿಕೊಂಡು ಬಂದರು. 1998ರಿಂದ ಅಲ್ಲಿನ ಶಸ್ತ್ರಧಾರಿ ಯುವಕರು ಸುಮಾರು 20,000 ಮಲೈಟಾದವರನ್ನು ಹಳ್ಳಿಗಳಿಂದ ಓಡಿಸಿದರು. ಅಂದರೆ ಮೊದಲು ಏಟು ತಿಂದ ವಲಸಿಗರು ಇವರೇ. 2021ರಲ್ಲಿ ಪ್ರತಿಭಟನೆಗೆ ಬಂದವರಲ್ಲೂ ಮಲೈಟಾದವರೇ ಜಾಸ್ತಿ. ಇದು ನನ್ನನ್ನು ತುಂಬಾ ಹೊತ್ತು ಕಾಡಿತು. ರಾಜಧಾನಿ ನಮಗೇನೂ ಕೊಡಲ್ಲ ಎಂಬ ಸಿಟ್ಟು ಮಲೈಟಾದಲ್ಲಿ ಮೊದಲಿನಿಂದಲೂ ಇತ್ತು. ಅದರ ಮೇಲೆ ಆಗಿನ ಪ್ರೀಮಿಯರ್ (ಮಲೈಟಾ ಪ್ರಾಂತ್ಯ ಸರ್ಕಾರದ ಮುಖ್ಯಸ್ಥ) ಡೇನಿಯಲ್ ಸುಯ್ದಾನಿ ಚೀನಾದ ಹೂಡಿಕೆ ಬೇಡವೆಂದರು, ಅಮೆರಿಕ ಮಲೈಟಾಕ್ಕೆಂದೇ 2.5 ಕೋಟಿ ಡಾಲರ್ ನೆರವು ಘೋಷಿಸಿತು. ದೊಡ್ಡ ದೇಶಗಳ ಪೈಪೋಟಿ ಹಳೆಯ ಬಿರುಕಿನೊಳಗೆ ನುಗ್ಗಿದ್ದು ಇಲ್ಲಿ.

ಉಳಿದದ್ದು ಚಿಕ್ಕದು. 2021ರ ಗಲಭೆ ತಡೆಯಲು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ, ಫಿಜಿ, ನ್ಯೂಜಿಲೆಂಡ್ ಪಡೆ ಕಳಿಸಿದವು. ಡಿಸೆಂಬರ್ 6ರಂದು ಸೊಗಾವರೆ ವಿರುದ್ಧದ ಅವಿಶ್ವಾಸ ನಿರ್ಣಯ 32-15ರಲ್ಲಿ ಬಿದ್ದುಹೋಯಿತು. 2022ರ ಏಪ್ರಿಲಿನಲ್ಲಿ ಚೀನಾ ಜೊತೆ ಭದ್ರತಾ ಒಪ್ಪಂದವೂ ಆಯಿತು. ಈ ದಿನಾಂಕಗಳ ನಡುವೆ ಇನ್ನೊಂದು ಸಾಲನ್ನೂ ಬರೆದುಕೊಂಡಿದ್ದೇನೆ: ಚೈನಾಟೌನಿನ ಸುಟ್ಟ ಕಟ್ಟಡವೊಂದರಲ್ಲಿ ಮೂವರ ಶವ ಸಿಕ್ಕಿತು.