ಪೊಲೀಸರು ಜಾಸ್ತಿ ಇದ್ದರೆ ಅಪರಾಧ ಕಡಿಮೆಯಾಗುತ್ತಾ? ಸ್ಟಾಕ್ಟನ್ ನಗರದ ಲೆಕ್ಕ

ಓದುಗರ ಪ್ರಶ್ನೆ: ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇದ್ದಾರೆ. ಅಲ್ಲಿ ಮನೆ ಕೊಳ್ಳೋಕೆ ಆಗೋದಿಲ್ಲ ಅಂತ ಸ್ಟಾಕ್ಟನ್ ಕಡೆ ನೋಡುತ್ತಿದ್ದಾರೆ. ಆ ಊರಲ್ಲಿ ಕೊಲೆ ಜಾಸ್ತಿ, ಪೊಲೀಸರು ಕಡಿಮೆ ಅಂತ ಎಲ್ಲರೂ ಹೆದರಿಸುತ್ತಾರೆ. ಪೊಲೀಸರು ಕಡಿಮೆ ಇರೋದಕ್ಕೇ ಅಲ್ಲಿ ಅಪರಾಧ ಜಾಸ್ತಿಯಾ? ಇನ್ನಷ್ಟು ಜನರನ್ನು ನೇಮಿಸಿಕೊಂಡರೆ ಸರಿಹೋಗುತ್ತಾ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಪೊಲೀಸರ ಸಂಖ್ಯೆಗೂ ಅಪರಾಧಕ್ಕೂ ನಿಜವಾದ ಸಂಬಂಧ ಇದೆ. ಆದರೆ ಜನ ಅಂದುಕೊಂಡಷ್ಟು ದೊಡ್ಡ ಸಂಬಂಧ ಅಲ್ಲ. ಇರುವ ಪೊಲೀಸರು ಎಲ್ಲಿ ನಿಲ್ಲುತ್ತಾರೆ, ಯಾರ ಹಿಂದೆ ಹೋಗುತ್ತಾರೆ, ಜನ ಅವರ ಹತ್ತಿರ ಬಾಯಿ ಬಿಡುತ್ತಾರಾ ಅನ್ನೋದು ತಲೆ ಎಣಿಕೆಗಿಂತ ಮುಖ್ಯ. ಇದನ್ನು ತೋರಿಸೋಕೆ ಸ್ಟಾಕ್ಟನ್‌ಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಸುಮಾರು 130 ಕಿಲೋಮೀಟರ್ ದೂರದ ಊರು ಅದು. 2010ರ ಜನಗಣತಿಯಲ್ಲಿ ಸುಮಾರು 2.92 ಲಕ್ಷ ಜನ ಇದ್ದರು, 2020ರಲ್ಲಿ 3.2 ಲಕ್ಷ. ಅಮೆರಿಕದ ಮಟ್ಟಿಗೆ ಮಧ್ಯಮ ಗಾತ್ರದ ನಗರ. ಬೇ ಏರಿಯಾದಲ್ಲಿ ಮನೆ ಕೊಳ್ಳಲಾಗದವರು 2000ದ ದಶಕದಲ್ಲಿ ಸಾಲ ಮಾಡಿ ಇಲ್ಲಿ ಮನೆ ಕೊಂಡರು. ತೆರಿಗೆ ಚೆನ್ನಾಗಿ ಬರುತ್ತಿತ್ತು. ನಗರಾಡಳಿತ ಕ್ರೀಡಾಂಗಣ ಕಟ್ಟಿತು, ದೋಣಿ ನಿಲ್ದಾಣ ಕಟ್ಟಿತು. ನಿವೃತ್ತ ನೌಕರರ ಆರೋಗ್ಯ ವೆಚ್ಚವನ್ನೂ ಹೊತ್ತುಕೊಂಡಿತ್ತು. ಆಮೇಲೆ ಮನೆಗಳ ಬೆಲೆ ಕುಸಿಯಿತು. ಸಾಲ ಕಟ್ಟಲಾಗದೆ ಬ್ಯಾಂಕ್ ಪಾಲಾದ ಮನೆಗಳ ಲೆಕ್ಕದಲ್ಲಿ ಸ್ಟಾಕ್ಟನ್ ಇಡೀ ದೇಶದಲ್ಲೇ ಮುಂಚೂಣಿಗೆ ಬಂತು. ಖಜಾನೆ ಖಾಲಿಯಾಯಿತು. 2012ರ ಜೂನ್‌ನಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ಆಗಿನ ಮಟ್ಟಿಗೆ ಅಮೆರಿಕದಲ್ಲಿ ದಿವಾಳಿಯಾದ ಅತಿ ದೊಡ್ಡ ನಗರ ಅದೇ. ಮರುವರ್ಷ ಡೆಟ್ರಾಯಿಟ್ ಅದನ್ನು ಮೀರಿಸಿತು.

ದುಡ್ಡಿಲ್ಲದ ನಗರ ಮೊದಲು ಕತ್ತರಿ ಹಾಕುವುದು ಸಂಬಳಕ್ಕೆ. 2008ರ ಹೊತ್ತಿಗೆ 440ರಷ್ಟು ಪೊಲೀಸರಿದ್ದ ಇಲಾಖೆಯಲ್ಲಿ ಕೆಲವೇ ವರ್ಷಗಳಲ್ಲಿ ನಾಲ್ಕನೇ ಒಂದು ಭಾಗದಷ್ಟು ಜನ ಕಡಿಮೆಯಾದರು. ಕೆಲವರನ್ನು ಮನೆಗೆ ಕಳಿಸಿದರು. ಕೆಲವರು ತಾವೇ ಬೇರೆ ಊರಿನ ಇಲಾಖೆ ಸೇರಿದರು. ಉಳಿದವರು ಅಪರಾಧ ನಡೆಯುತ್ತಿರುವಾಗ ಬರುವ ಕರೆಗಳಿಗೆ ಓಡುವುದರಲ್ಲೇ ದಿನ ಕಳೆಯಬೇಕಾಯಿತು. ಕಳ್ಳತನ ಆಗಿಹೋದ ಮೇಲೆ ಬರುವ ಕರೆಗೆ, ನಿಧಾನವಾಗಿ ಮಾಡಬೇಕಾದ ತನಿಖೆಗೆ ಕೈ ಉಳಿಯಲಿಲ್ಲ.

ಕೊಲೆಗಳು ಏರಿದವು. 2011ರಲ್ಲಿ 58. ಅಲ್ಲಿಯವರೆಗಿನ ದಾಖಲೆ 1990ರ 55. 2012ರಲ್ಲಿ 71.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು ಅನ್ನಿಸುತ್ತದೆ, ಅಲ್ವಾ? ಪೊಲೀಸರು ಕಡಿಮೆಯಾದರು, ಹೆಣಗಳು ಜಾಸ್ತಿಯಾದವು. ಪೊಲೀಸ್ ಸಂಘ ಹೇಳಿದ್ದೂ ಅದನ್ನೇ. ದೊಡ್ಡ ದೊಡ್ಡ ಬೋರ್ಡ್ ಹಾಕಿಸಿ, ಪೊಲೀಸರನ್ನು ತೆಗೆಯುವುದು ನಿಲ್ಲಿಸಿ ಅಂತ ಊರಿಗೆಲ್ಲ ಸಾರಿತ್ತು.

ಆದರೆ 2013ರಲ್ಲಿ ಕೊಲೆಗಳು 32ಕ್ಕೆ ಇಳಿದವು. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ. ಆ ವರ್ಷ ನಗರ ಇನ್ನೂ ದಿವಾಳಿಯಲ್ಲೇ ಇತ್ತು. ಹೊಸ ಪೊಲೀಸರ ನೇಮಕಕ್ಕೆ ದುಡ್ಡು ತರಬೇಕಿದ್ದ, ಡಾಲರಿಗೆ ಮುಕ್ಕಾಲು ಸೆಂಟ್ ಮಾರಾಟ ತೆರಿಗೆಗೆ ಮತದಾರರು ಒಪ್ಪಿಗೆ ಕೊಟ್ಟಿದ್ದೇ 2013ರ ನವೆಂಬರ್‌ನಲ್ಲಿ. ಅಂದರೆ ಕೊಲೆ ಇಳಿದದ್ದು ಮೊದಲು, ಹೊಸ ಪೊಲೀಸರು ಬಂದದ್ದು ಆಮೇಲೆ. ಬರೀ ಸಂಖ್ಯೆಯ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಮುಂದೆ ಹೋಗುವ ಮೊದಲು ಅಪರಾಧ ದರ ಅಂದರೇನು ಅಂತ ನೋಡೋಣ. ಸಾಮಾನ್ಯವಾಗಿ ಒಂದು ಲಕ್ಷ ಜನಕ್ಕೆ ವರ್ಷಕ್ಕೆ ಎಷ್ಟು ಅಪರಾಧ ಅಂತ ಲೆಕ್ಕ ಹಾಕುತ್ತಾರೆ. 2012ರಲ್ಲಿ ಸ್ಟಾಕ್ಟನ್‌ನ ಕೊಲೆ ದರ ಲಕ್ಷಕ್ಕೆ ಸುಮಾರು 24. ಇಡೀ ದೇಶದ್ದು 4.7. ಐದು ಪಟ್ಟು. ಪೊಲೀಸ್ ಬಲವನ್ನು ಸಾವಿರ ಜನಕ್ಕೆ ಎಷ್ಟು ಅಂತ ಅಳೆಯುತ್ತಾರೆ. ಅಮೆರಿಕದ ಸರಾಸರಿ ಸಾವಿರಕ್ಕೆ ಸುಮಾರು 2.4. ಸ್ಟಾಕ್ಟನ್‌ನಲ್ಲಿ ಆಗ 1.2ರ ಆಸುಪಾಸು, ಸರಾಸರಿಯ ಅರ್ಧ.

ಈಗ ಬೇ ಏರಿಯಾದ ಸ್ಯಾನ್ ಹೋಸೆ ನೋಡಿ. ನಮ್ಮ ಎಷ್ಟೋ ಕನ್ನಡಿಗರು ಅಲ್ಲೇ ಇದ್ದಾರೆ. ಅಲ್ಲೂ ಆಗ ಬಜೆಟ್ ಕಡಿತವಾಗಿ ಪೊಲೀಸರು ಕಡಿಮೆಯಾಗಿದ್ದರು. ಹತ್ತಿರ ಹತ್ತಿರ 10 ಲಕ್ಷ ಜನಕ್ಕೆ ಸಾವಿರ ಚಿಲ್ಲರೆ ಪೊಲೀಸರು, ಅಂದರೆ ಸ್ಟಾಕ್ಟನ್‌ನಷ್ಟೇ ತೆಳುವಾದ ಬಲ. ಆದರೆ 2012ರ ಕೊಲೆ ದರ ಲಕ್ಷಕ್ಕೆ 5ಕ್ಕಿಂತ ಕಡಿಮೆ. ಇನ್ನೊಂದು ಕಡೆ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಇದೆ. ಆಗ ಜನಸಂಖ್ಯೆ ಸುಮಾರು 3.2 ಲಕ್ಷ, ಆಗಿನ ಸ್ಟಾಕ್ಟನ್‌ಗಿಂತ ಸ್ವಲ್ಪವೇ ದೊಡ್ಡದು. ಪೊಲೀಸರು ಸಾವಿರಕ್ಕೆ ನಾಲ್ವರಷ್ಟು. ಆದರೂ 2012ರಲ್ಲಿ ಅಲ್ಲಿ 113 ಕೊಲೆಗಳಾದವು, ದರ 35ರ ಮೇಲೆ.

ಹಾಗಾದರೆ ಪೊಲೀಸರು ಜಾಸ್ತಿ ಇದ್ದರೆ ಕೊಲೆ ಜಾಸ್ತಿ ಅನ್ನೋಣವೇ? ಅದೂ ತಪ್ಪು. ಕಾಯಿಲೆ ಜಾಸ್ತಿ ಇರುವ ಊರಿಗೆ ಸರ್ಕಾರ ಡಾಕ್ಟರುಗಳನ್ನು ಜಾಸ್ತಿ ಕಳಿಸಿದರೆ, ಡಾಕ್ಟರುಗಳಿಂದಲೇ ಕಾಯಿಲೆ ಬಂತು ಅನ್ನೋಕಾಗುತ್ತಾ? ಅಪರಾಧ ಹೆಚ್ಚಾದ ನಗರಗಳೇ ಪೊಲೀಸರನ್ನೂ ಹೆಚ್ಚು ನೇಮಿಸಿಕೊಳ್ಳುತ್ತವೆ. ಎರಡು ನಗರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಕಾರಣ ಯಾವುದು, ಫಲ ಯಾವುದು ಅಂತ ತಿಳಿಯುವುದೇ ಇಲ್ಲ.

ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಸೇಂಟ್ ಲೂಯಿಸ್ ನಗರ 1876ರಲ್ಲೇ ಸುತ್ತಲಿನ ಕೌಂಟಿಯಿಂದ (ನಮ್ಮ ಜಿಲ್ಲೆಯ ಹಾಗೆ) ಬೇರೆಯಾಯಿತು. ಅದರ ಗಡಿ ಅಂದಿನಿಂದ ಹಾಗೇ ಇದೆ. ಅನುಕೂಲಸ್ಥರ ಶಾಂತವಾದ ಬಡಾವಣೆಗಳು ಹೆಚ್ಚಾಗಿ ಗಡಿಯ ಆಚೆ ಬೆಳೆದವು. ಕೆಲಸಕ್ಕೆ, ಆಟ ನೋಡಲಿಕ್ಕೆ ದಿನವೂ ಒಳಗೆ ಬರುವವರು ಜನಸಂಖ್ಯೆಯ ಲೆಕ್ಕಕ್ಕೆ ಸಿಗುವುದಿಲ್ಲ. ಅವರಿಗೆ ನಗರದೊಳಗೆ ಏನಾದರೂ ಆದರೆ ಅದು ಮಾತ್ರ ನಗರದ ಅಪರಾಧದ ಲೆಕ್ಕಕ್ಕೆ ಸೇರುತ್ತದೆ. ಸ್ಯಾನ್ ಹೋಸೆಯ ಗಡಿಯೊಳಗೆ ಹೊರಬಡಾವಣೆಗಳೇ ತುಂಬಿವೆ. ಎಫ್‌ಬಿಐ ತಾನೇ ಕೊಡುವ ಅಂಕಿಗಳನ್ನು ಹಿಡಿದು ನಗರಗಳಿಗೆ ರ‍್ಯಾಂಕ್ ಕೊಡಬೇಡಿ ಅಂತ ಎಚ್ಚರಿಸುವುದಕ್ಕೆ ಇಂಥ ಕಾರಣಗಳಿವೆ. ‘ಅತ್ಯಂತ ಅಪಾಯಕಾರಿ ಹತ್ತು ನಗರಗಳು’ ಅನ್ನುವ ಪಟ್ಟಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ದಾಖಲಾಗದ ಅಪರಾಧದ ವಿಷಯವೂ ಇದೆ. ಅಮೆರಿಕದಲ್ಲಿ 1973ರಿಂದ ಮನೆ ಮನೆಗೆ ಕೇಳಿ ಮಾಡುವ ಸಮೀಕ್ಷೆ ನಡೆಯುತ್ತಿದೆ. ಅದರ ಪ್ರಕಾರ ಆಸ್ತಿಪಾಸ್ತಿಯ ಅಪರಾಧಗಳಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಪೊಲೀಸರ ಕಿವಿಗೆ ಬೀಳುತ್ತದೆ. ಪೊಲೀಸರು ಬರೋದೇ ಇಲ್ಲ ಅಂತ ಗೊತ್ತಾದರೆ ಜನ ದೂರು ಕೊಡುವುದನ್ನೇ ಬಿಡುತ್ತಾರೆ. ಆಗ ಕಾಗದದ ಮೇಲೆ ಕಳ್ಳತನ ‘ಇಳಿಯುತ್ತದೆ’. ಕೊಲೆಯನ್ನು ಹಾಗೆ ಮುಚ್ಚಿಡೋಕಾಗೋದಿಲ್ಲ. ಅದಕ್ಕೇ ಈ ಲೇಖನದಲ್ಲಿ ನಾನು ಕೊಲೆಯ ಲೆಕ್ಕವನ್ನೇ ಹಿಡಿದಿದ್ದೇನೆ.

ಇನ್ನು ಸಂಶೋಧನೆ ಏನು ಹೇಳುತ್ತದೆ? ಅರ್ಥಶಾಸ್ತ್ರಜ್ಞರಾದ ಏರನ್ ಚಾಲ್ಫಿನ್ ಮತ್ತು ಜಸ್ಟಿನ್ ಮೆಕ್ರೇರಿ 1960ರಿಂದ 2010ರವರೆಗಿನ 242 ನಗರಗಳ ಅಂಕಿಗಳನ್ನು ಜಾಲಾಡಿದರು. ಪೊಲೀಸ್ ಬಲ ನೂರಕ್ಕೆ 10ರಷ್ಟು ಹೆಚ್ಚಾದರೆ ಹಿಂಸೆಯ ಅಪರಾಧ ಸುಮಾರು 3.4ರಷ್ಟು, ಕೊಲೆ ಸುಮಾರು 6.7ರಷ್ಟು ಇಳಿಯುತ್ತದೆ ಅನ್ನುವುದು ಅವರ ಅಂದಾಜು. ಚಾಲ್ಫಿನ್ ಬೇರೆಯವರ ಜೊತೆ ಸೇರಿ ಆಮೇಲೆ ಮಾಡಿದ ಅಧ್ಯಯನದ ಪ್ರಕಾರ 10ರಿಂದ 17 ಹೊಸ ಪೊಲೀಸರು ಬಂದರೆ ವರ್ಷಕ್ಕೆ ಒಂದು ಕೊಲೆ ತಪ್ಪುತ್ತದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಪೊಲೀಸರು ಹೆಚ್ಚಾದರೆ ಸಣ್ಣಪುಟ್ಟ ತಪ್ಪುಗಳಿಗೆ ಬಂಧನವೂ ಹೆಚ್ಚುತ್ತದೆ. ಅದರ ಭಾರ ಹೆಚ್ಚಾಗಿ ಕಪ್ಪು ಜನರ ಮೇಲೆ ಬೀಳುತ್ತದೆ.

10ರಿಂದ 17 ಪೊಲೀಸರಿಗೆ ಒಂದು ಕೊಲೆ ಅನ್ನುವ ಅಂದಾಜನ್ನು ಸ್ಟಾಕ್ಟನ್‌ಗೆ ಹಚ್ಚಿ ನೋಡಿ. ನೂರರಷ್ಟು ಪೊಲೀಸರು ಹೋದದ್ದಕ್ಕೆ ವರ್ಷಕ್ಕೆ ಆರರಿಂದ ಹತ್ತು ಕೊಲೆ ಜಾಸ್ತಿಯಾಗಬಹುದು. ಇದೇನು ಸಣ್ಣ ಸಂಖ್ಯೆಯಲ್ಲ, ಆರು ಅಂದರೆ ಆರು ಮನೆಯ ಗೋಳು. ಆದರೆ 2012ರಿಂದ 2013ಕ್ಕೆ ಆದ ಇಳಿಕೆ 39. ತಲೆ ಎಣಿಕೆಯಿಂದ ಇದರಲ್ಲಿ ಒಂದು ತುಣುಕು ಮಾತ್ರ ಅರ್ಥವಾಗುತ್ತದೆ.

ಉಳಿದದ್ದು ಹೇಗಾಯಿತು?

1990ರ ದಶಕದಲ್ಲಿ ಬಾಸ್ಟನ್‌ನಲ್ಲಿ ‘ಸೀಸ್‌ಫೈರ್’ ಅನ್ನುವ ವಿಧಾನ ಹುಟ್ಟಿತು. ಒಂದು ನಗರದಲ್ಲಿ ಗುಂಡು ಹಾರಿಸುವವರು ಬೆರಳೆಣಿಕೆಯ ಗುಂಪುಗಳಲ್ಲಿರುತ್ತಾರೆ. ಅವರು ಯಾರು ಅಂತ ಪೊಲೀಸರಿಗೂ, ಬೀದಿಯವರಿಗೂ ಗೊತ್ತಿರುತ್ತದೆ. ಅಂಥ ಹುಡುಗರನ್ನು ಸಭೆಗೆ ಕರೆಸುತ್ತಾರೆ. ಅಲ್ಲಿ ಪೊಲೀಸರು, ಸರ್ಕಾರಿ ವಕೀಲರು, ಪಾದ್ರಿಗಳು, ಮಗನನ್ನು ಕಳೆದುಕೊಂಡ ತಾಯಂದಿರು ಇರುತ್ತಾರೆ. ನೀವು ಬದುಕಬೇಕು ಅನ್ನುವುದು ನಮ್ಮ ಆಸೆ, ಕೆಲಸ ಬೇಕೇ, ಓದು ಬೇಕೇ, ಸಹಾಯ ಇಲ್ಲಿದೆ ಅಂತ ನೇರವಾಗಿ ಹೇಳುತ್ತಾರೆ. ಆದರೆ ಒಬ್ಬ ಗುಂಡು ಹಾರಿಸಿದರೂ ಇಡೀ ಗುಂಪಿನ ಮೇಲೆ ನಮ್ಮ ಕಣ್ಣು ಬೀಳುತ್ತದೆ ಅಂತಲೂ ಹೇಳುತ್ತಾರೆ. ಎರಡೂ ಮಾತನ್ನು ಉಳಿಸಿಕೊಳ್ಳಬೇಕು. ಸಹಾಯ ಬರೀ ಬಾಯಿಮಾತಾದರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ.

ಸ್ಟಾಕ್ಟನ್‌ಗೆ ಇದು ಹೊಸದಲ್ಲ. 1997ರಿಂದ 2002ರವರೆಗೆ ‘ಆಪರೇಷನ್ ಪೀಸ್‌ಕೀಪರ್’ ಅನ್ನುವ ಹೆಸರಲ್ಲಿ ಇದೇ ಕೆಲಸ ನಡೆದಿತ್ತು. ಬಂದೂಕಿನಿಂದಾಗುವ ಕೊಲೆ ಆಗ ನೂರಕ್ಕೆ 42ರಷ್ಟು ಇಳಿದಿತ್ತು ಅಂತ ಅಪರಾಧಶಾಸ್ತ್ರಜ್ಞ ಆಂಥೋನಿ ಬ್ರಾಗಾ ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಅದು ನಿಂತುಹೋಯಿತು. ಇಂಥ ಕೆಲಸವನ್ನು ಮುಂದುವರಿಸದೆ ಕೈಬಿಟ್ಟದ್ದು ನನಗೆ ಪೊಲೀಸ್ ಕಡಿತದಷ್ಟೇ ದೊಡ್ಡ ನಷ್ಟವಾಗಿ ಕಾಣುತ್ತದೆ. 2012ರಲ್ಲಿ ಸ್ಟಾಕ್ಟನ್ ಪೊಲೀಸ್ ಮುಖ್ಯಸ್ಥರಾದ ಎರಿಕ್ ಜೋನ್ಸ್ ಕಾಲದಲ್ಲಿ ಸೀಸ್‌ಫೈರ್ ಮತ್ತೆ ಶುರುವಾಯಿತು. ಇದ್ದ ಕೆಲವೇ ಪೊಲೀಸರನ್ನು ಊರೆಲ್ಲ ಹರಡದೆ, ಗುಂಡು ಹಾರುತ್ತಿದ್ದ ಕಡೆ ಹಾಕಿದರು. ರಾಜ್ಯದ ಹೆದ್ದಾರಿ ಪೊಲೀಸರೂ ಸ್ವಲ್ಪ ಕಾಲ ಗಸ್ತಿಗೆ ಕೈ ಜೋಡಿಸಿದರು. 2013ರ ಇಳಿಕೆಯಲ್ಲಿ ಯಾವುದರ ಪಾಲು ಎಷ್ಟು ಅಂತ ತೂಗಿ ಹೇಳಲಾಗದು. ಮರುವರ್ಷ ಕೊಲೆಗಳು ಮತ್ತೆ ಏರಿದವು ಅನ್ನುವುದನ್ನೂ ಮರೆಯಬಾರದು.

ಸುಮ್ನೆ ಊರೆಲ್ಲ ಜೀಪು ಓಡಿಸಿದರೆ ಉಪಯೋಗ ಇಲ್ಲ ಅಂತ 1972-73ರಲ್ಲೇ ಕ್ಯಾನ್ಸಸ್ ಸಿಟಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ಕೆಲವು ಪ್ರದೇಶಗಳಲ್ಲಿ ಗಸ್ತು ನಿಲ್ಲಿಸಿದರು, ಕೆಲವದರಲ್ಲಿ ಎರಡು ಮೂರು ಪಟ್ಟು ಮಾಡಿದರು, ಕೆಲವದರಲ್ಲಿ ಹಾಗೇ ಬಿಟ್ಟರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತು ಬದಲಾದದ್ದೇ ಜನರ ಗಮನಕ್ಕೆ ಬರಲಿಲ್ಲ. ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಲಾರೆನ್ಸ್ ಶೆರ್ಮನ್ ಮತ್ತು ಜೊತೆಯವರು ನೂರಕ್ಕೆ ಮೂರು ನಾಲ್ಕು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬರುತ್ತವೆ ಅಂತ ಕಂಡುಕೊಂಡರು. ಅಪರಾಧ ಊರಿಗೆಲ್ಲ ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಲವು ಮೂಲೆಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಆ ಮೂಲೆಗಳಲ್ಲಿ ಪೊಲೀಸರು ನಿಂತರೆ ಫಲ ಸಿಗುತ್ತದೆ.

ನಂಬಿಕೆಯ ಮಾತನ್ನು ಬಿಡೋಕಾಗೋದಿಲ್ಲ. 2014ರ ಜುಲೈನಲ್ಲಿ ಸ್ಟಾಕ್ಟನ್‌ನಲ್ಲಿ ಬ್ಯಾಂಕ್ ದರೋಡೆಕೋರರು ಮಹಿಳೆಯರನ್ನು ಒತ್ತೆಯಿಟ್ಟುಕೊಂಡು ಕಾರಿನಲ್ಲಿ ಓಡಿದರು. ಬೆನ್ನಟ್ಟಿದ ಪೊಲೀಸರು 600ಕ್ಕೂ ಹೆಚ್ಚು ಗುಂಡು ಹಾರಿಸಿದರು. ಒತ್ತೆಯಾಗಿದ್ದ ಒಬ್ಬ ತಾಯಿ ಪೊಲೀಸರ ಗುಂಡಿಗೇ ಬಲಿಯಾದರು. ಇಂಥದ್ದು ನಡೆದ ಊರಿನಲ್ಲಿ ಕೊಲೆ ಕಂಡವರು ಮುಂದೆ ಬಂದು ಹೇಳಿಕೆ ಕೊಡಬೇಕು ಅಂತ ಕೇಳುವುದು ಹೇಗೆ? ಸಾಕ್ಷಿ ಇಲ್ಲದಿದ್ದರೆ ಕೇಸು ನಿಲ್ಲದು, ಕೊಂದವನು ಬೀದಿಯಲ್ಲೇ ಇರುತ್ತಾನೆ, ಸತ್ತವನ ಗೆಳೆಯರು ತಾವೇ ಬಂದೂಕು ಹಿಡಿಯುತ್ತಾರೆ. ಮುಂದೆ ಕೇಂದ್ರ ನ್ಯಾಯ ಇಲಾಖೆ ಜನರ ನಂಬಿಕೆ ಕಟ್ಟುವ ಕಾರ್ಯಕ್ರಮಕ್ಕೆ ಆರಿಸಿದ ಆರು ನಗರಗಳಲ್ಲಿ ಸ್ಟಾಕ್ಟನ್ ಕೂಡ ಒಂದಾಯಿತು. ಜೋನ್ಸ್ ಸಮುದಾಯದ ಮುಂದೆ ನಿಂತು, ಹಿಂದೆ ಪೊಲೀಸರು ಕಪ್ಪು ಜನರಿಗೆ ಮಾಡಿದ ಅನ್ಯಾಯವನ್ನು ಒಪ್ಪಿಕೊಂಡರು. ಒಬ್ಬ ಪೊಲೀಸ್ ಮುಖ್ಯಸ್ಥ ಇದನ್ನು ಬಾಯಿಬಿಟ್ಟು ಹೇಳುವುದು ಸುಲಭವಲ್ಲ, ಅದಕ್ಕೆ ನನ್ನ ಗೌರವ ಇದೆ.

ಹಾಗಂತ ನೇಮಕಾತಿ ಬೇಡ ಅನ್ನುತ್ತಿಲ್ಲ. ಹೊಸ ತೆರಿಗೆಯ ದುಡ್ಡಿನಲ್ಲಿ 120 ಪೊಲೀಸರನ್ನು ತೆಗೆದುಕೊಳ್ಳುವ ಯೋಜನೆ ಅಗತ್ಯವೇ ಆಗಿತ್ತು. ಕರೆಗಳ ಹಿಂದೆಯೇ ಓಡುವ ಇಲಾಖೆಗೆ ತನಿಖೆ ಮಾಡಲು, ಜನರ ಹತ್ತಿರ ನಿಂತು ಮಾತಾಡಲು ಪುರುಸೊತ್ತು ಎಲ್ಲಿರುತ್ತದೆ? ಆದರೆ ದುಡ್ಡು ಬಂದ ದಿನವೇ ಪೊಲೀಸ್ ಬರುವುದಿಲ್ಲ. ಅರ್ಜಿ, ಹಿನ್ನೆಲೆ ತಪಾಸಣೆ, ಅಕಾಡೆಮಿ, ಆಮೇಲೆ ಹಿರಿಯರ ಜೊತೆ ಬೀದಿಯಲ್ಲಿ ತರಬೇತಿ, ಇಷ್ಟೆಲ್ಲ ಆಗಬೇಕು. ಈ ನಡುವೆ ಹಳಬರು ನಿವೃತ್ತರಾಗುತ್ತಾರೆ, ಜಾಸ್ತಿ ಸಂಬಳದ ಊರಿಗೆ ಹೋಗುತ್ತಾರೆ.

ಇನ್ನು ನಿಮ್ಮ ಮಗಳ ಮನೆಯ ವಿಷಯ. ಇಡೀ ಊರಿನ ಒಂದು ವರ್ಷದ ದರ ನೋಡಿ ತೀರ್ಮಾನ ಮಾಡಬೇಡಿ. 2012 ನೋಡಿದವರಿಗೂ 2013 ನೋಡಿದವರಿಗೂ ಬೇರೆ ಬೇರೆ ಸ್ಟಾಕ್ಟನ್ ಕಾಣುತ್ತದೆ. ಐದು ವರ್ಷದ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಲಿ. 2021ರ ಅಂಕಿಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಆ ವರ್ಷ ಎಫ್‌ಬಿಐ ಲೆಕ್ಕದ ಪದ್ಧತಿ ಬದಲಿಸಿತು, ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ದೊಡ್ಡ ಇಲಾಖೆಗಳೇ ಅಂಕಿ ಕೊಟ್ಟಿರಲಿಲ್ಲ. ನೋಡುತ್ತಿರುವ ಬೀದಿಯ ಸುತ್ತ ಏನೇನು ನಡೆದಿದೆ ಅನ್ನುವುದು ನಗರದ ಸರಾಸರಿಗಿಂತ ಜಾಸ್ತಿ ತಿಳಿಸುತ್ತದೆ. ಮನೆ ಕೊಳ್ಳುವ ಮೊದಲು ಆ ಬೀದಿಗೆ ಹಗಲಲ್ಲೊಮ್ಮೆ, ರಾತ್ರಿಯೊಮ್ಮೆ ಹೋಗಿ, ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಲಿ. ಪೊಲೀಸರನ್ನು ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಅವರನ್ನೇ ಕೇಳಲಿ.