ಓದುಗರ ಪ್ರಶ್ನೆ: ಒಂದಾಣೆಗೆ ನಾಲ್ಕು ಬರುತ್ತಿದ್ದ ಪೆಪ್ಪರ್‌ಮಿಂಟು ಮೂರಾಗಿದ್ದು ಹೇಗೆ?

ಪ್ರಶ್ನೆ: ದಾವಣಗೆರೆಯ ನಮ್ಮಜ್ಜ, ತಾವು ಸಣ್ಣವರಿದ್ದಾಗ ಒಂದಾಣೆಗೆ ನಾಲ್ಕು ಪೆಪ್ಪರ್‌ಮಿಂಟು ಸಿಗುತ್ತಿತ್ತು, ನಯಾ ಪೈಸೆ ಬಂದ ಮೇಲೆ ಮೂರೇ ಆಯಿತು ಅನ್ನುತ್ತಾರೆ. ಬೆಲೆ ಏರಿತ್ತೇ? ನಾಲ್ಕಾಣೆ ಅಂದರೆ 25 ಪೈಸೆ ಆದರೆ ಒಂದಾಣೆ ಎಷ್ಟು?

ಉತ್ತರ: ಅಂಗಡಿಯವರು ಬೆಲೆ ಏರಿಸದಿದ್ದರೂ ಹಾಗಾಗಲು ಸಾಧ್ಯವಿತ್ತು. ಲೆಕ್ಕ ಬಿಡಿಸಿ ನೋಡಿದರೆ ನಿಮ್ಮಜ್ಜನ ಮಾತು ಸರಿಯಾಗಿಯೇ ಇದೆ.

ಹಳೆಯ ಒಂದು ರೂಪಾಯಿಗೆ 16 ಆಣೆ, ಒಂದಾಣೆಗೆ 4 ಪೈಸೆ, ಒಂದು ಪೈಸೆಗೆ 3 ಪೈ. ಪೈಗೆ ನಮ್ಮಲ್ಲಿ ಕಾಸು ಅನ್ನುತ್ತಿದ್ದರು. ಹಾಗಾಗಿ ಒಂದು ಪೈಸೆ ಅಂದರೆ ಮೂರು ಕಾಸು, ಅಂದರೆ ಕಾಲಾಣೆ. ‘ಮೂರು ಕಾಸಿನ ಬೆಲೆಯಿಲ್ಲ’ ಎಂದು ಈಗಲೂ ಬೈಯುತ್ತೇವಲ್ಲ, ಆ ಮೂರು ಕಾಸು ಮಕ್ಕಳ ಪಾಲಿಗೆ ನಿಜವಾಗಿಯೂ ಬೆಲೆಯುಳ್ಳ ನಾಣ್ಯ. ಯುದ್ಧಕಾಲದ ಲೋಹದ ಕೊರತೆಯಿಂದ 1943ರಿಂದ 1947ರವರೆಗೆ ಈ ಪೈಸೆಯನ್ನು ನಡುವೆ ದೊಡ್ಡ ತೂತಿಟ್ಟು ಹೊಡೆದರು. ಅದೇ ತೂತಿನ ಕಾಸು. ಕಳೆಯದಿರಲೆಂದು ದಾರಕ್ಕೆ ಪೋಣಿಸಿಕೊಳ್ಳಲು ಅನುಕೂಲ.

1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಆಯಿತು. ಹದಿನಾರನ್ನು ನೂರಕ್ಕೆ ಹೊಂದಿಸಿದರೆ ಒಂದಾಣೆಗೆ 6.25 ಬರುತ್ತದೆ. ಕಾಲು ಪೈಸೆಯ ನಾಣ್ಯವೇ ಇಲ್ಲದ ಮೇಲೆ ಹತ್ತಿರದ ಪೂರ್ಣ ಪೈಸೆಗೆ ಇಳಿಸಬೇಕು ಇಲ್ಲವೇ ಏರಿಸಬೇಕು; ಸರಿಯಾಗಿ ಅರ್ಧ ಬಂದರೆ ಇಳಿಸಬೇಕು. ಹೀಗೆ ಕಾಲಾಣೆ 2, ಅರ್ಧಾಣೆ 3, ಮುಕ್ಕಾಲಾಣೆ 5, ಒಂದಾಣೆ 6, ಎರಡಾಣೆ 12, ಮೂರಾಣೆ 19. ನಾಲ್ಕಾಣೆಗೆ ಮಾತ್ರ ಶೇಷವಿಲ್ಲದೆ 25 ಕೂತಿತು. ಎಂಟಾಣೆ, ಹನ್ನೆರಡಾಣೆಯೂ ಅಷ್ಟೇ. ಈ ಹೆಸರುಗಳು ಇಷ್ಟು ಕಾಲ ಬಾಯಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಈಗ ಪೆಪ್ಪರ್‌ಮಿಂಟಿಗೆ ಬನ್ನಿ. ಒಂದಕ್ಕೆ ಮೂರು ಕಾಸು. ಹೊಸ ಲೆಕ್ಕದಲ್ಲಿ ಅದು 1.56 ಪೈಸೆ, ಏರಿಸಿದರೆ 2. ಒಂದಾಣೆ ಬಿಲ್ಲೆ ಹಿಡಿದು ಬಂದ ಹುಡುಗನ ಕೈಲಿರುವುದು 6 ಪೈಸೆ. ಎರಡೆರಡು ಪೈಸೆಯಂತೆ ಮೂರು ಪೆಪ್ಪರ್‌ಮಿಂಟಿಗೆ ಆರೂ ಮುಗಿಯಿತು. ಪೆಪ್ಪರ್‌ಮಿಂಟಿನ ಲೆಕ್ಕದಲ್ಲಿ ಎರಡು ಸಲ ಪೆಟ್ಟು: ಅವನ ಆಣೆಯನ್ನು ಇಳಿಸಿದರು, ಸರಕಿನ ಬೆಲೆಯನ್ನು ಏರಿಸಿದರು. ಇಡೀ ರೂಪಾಯಿಗೆ ಹಾಕಿದರೆ 64 ಬರುತ್ತಿದ್ದದ್ದು 50ಕ್ಕೆ ಇಳಿಯಿತು. ರೂಪಾಯಿ ಮುರಿಸುವ ದೊಡ್ಡವರಿಗೆ ಇದು ಅಷ್ಟಾಗಿ ತಟ್ಟಲಿಲ್ಲ, ಕಾಲಾಣೆ ಗಿರಾಕಿಗೆ ತಟ್ಟಿತು.

ತಪ್ಪು ಎಲ್ಲಿ? ಪ್ರತಿಯೊಂದು ಸಾಮಾನಿನ ಬೆಲೆಯನ್ನೂ ಬೇರೆಬೇರೆಯಾಗಿ ಪೈಸೆಗೆ ತಿರುಗಿಸಿದ್ದರಲ್ಲಿ. ಮೊದಲು ಆಣೆಯಲ್ಲೇ ಕೂಡಿ, ಒಟ್ಟು ಮೊತ್ತವನ್ನು ಒಂದೇ ಸಲ ತಿರುಗಿಸಬೇಕು. ಎರಡು ಪೆಪ್ಪರ್‌ಮಿಂಟು ಒಟ್ಟಿಗೆ ಕೊಂಡರೆ ಅರ್ಧಾಣೆ, ಅಂದರೆ 3 ಪೈಸೆ. ಒಂದೊಂದಾಗಿ ಕೊಂಡರೆ 4. ನಾಲ್ಕು ಒಟ್ಟಿಗೆ ಕೊಂಡರೆ 6, ಬಿಡಿಯಾಗಿ 8. ಗೆಳೆಯರಿಬ್ಬರು ಕಾಸು ಕೂಡಿಸಿ ಕೊಂಡಿದ್ದರೆ ಲಾಭ ಅವರದೇ. ಆದರೆ ‘ಒಂದಕ್ಕೆ ಎರಡು ಪೈಸೆ’ ಎಂದು ಅಂಗಡಿಯವನು ಹೊಸದಾಗಿ ಬೆಲೆ ಕಟ್ಟಿಬಿಟ್ಟರೆ ಈ ಲೆಕ್ಕ ನಡೆಯದು.

ಎಣಿಸಿ ಮಾರುವ ಪೆಪ್ಪರ್‌ಮಿಂಟು, ಕಮರ್‌ಕಟ್ಟು, ಬತ್ತಾಸಿಗೆ ಮಾತ್ರ ಈ ತೊಡಕು. ದಾವಣಗೆರೆಯ ಮಂಡಕ್ಕಿಗೆ, ಚಳ್ಳಕೆರೆ ಕಡೆಯ ಶೇಂಗಾಕ್ಕೆ ಎಣಿಕೆಯಿಲ್ಲ. ದೊಡ್ಡವರಿಗೆ ಸೇರು, ಪಾವು; ಮಕ್ಕಳ ಕಾಸಿಗೆ ಹಿಡಿ, ಬೊಗಸೆ. ಆರೂಕಾಲು ಪೈಸೆಯ ಮಂಡಕ್ಕಿಯನ್ನು ಆರು ಪೈಸೆಗೆ ಕೊಡುವುದು ಕಷ್ಟವೇನಲ್ಲ, ನಾಲ್ಕು ಕಾಳು ಕಡಿಮೆ ಬಿದ್ದರಾಯಿತು. ಪೆಪ್ಪರ್‌ಮಿಂಟನ್ನು ಹಾಗೆ ಮುರಿದು ಕೊಡಲಾಗದು.

ಇನ್ನೊಂದು ಗೊಂದಲ ನಾಣ್ಯಗಳ ಆಕಾರದ್ದು. ಹಳೆಯ ಆಣೆ ಬಿಲ್ಲೆಗಳು ತಕ್ಷಣ ಮಾಯವಾಗಲಿಲ್ಲ, ಕೆಲವು ವರ್ಷ ಎರಡೂ ಜೊತೆಗೇ ಓಡಾಡಿದವು. ಅರ್ಧಾಣೆ, ಎರಡಾಣೆ ಚೌಕ. ಹೊಸ 5 ಪೈಸೆಯೂ ಚೌಕ. ಒಂದಾಣೆಗೆ ಹೂವಿನೆಸಳಿನಂಥ ಅಂಚು. ಹೊಸ 2 ಮತ್ತು 10 ಪೈಸೆಗೂ ಅಂಥದ್ದೇ ಅಂಚು. ಮುಸ್ಸಂಜೆಯಲ್ಲಿ ಮುಟ್ಟಿ ನೋಡಿ ಕೊಡುವ ಮಗು 12 ಪೈಸೆ ಬಾಳುವ ಎರಡಾಣೆಯನ್ನು 5 ಪೈಸೆಯೆಂದು ಕೊಟ್ಟುಬಿಡಬಹುದಿತ್ತು. ಗಾತ್ರ ನೋಡಬೇಕು: ಎರಡಾಣೆ ತುಸು ದೊಡ್ಡದು.

ಅಜ್ಜನ ಹತ್ತಿರ ಇನ್ನೂ ಕೇಳುವುದಿದ್ದರೆ ಮೊದಲು ಇಸವಿ ಕೇಳಿ. 1964ರ ಜೂನ್ 1ರಿಂದ ‘ನಯಾ’ ಬಿಟ್ಟು ಬರೀ ‘ಪೈಸೆ’ ಆಯಿತು. ಹಾಗಾಗಿ ಅವರು ‘ಒಂದು ಪೈಸೆ’ ಅಂದರೆ ರೂಪಾಯಿಯ 64ನೇ ಒಂದು ಪಾಲೂ ಇರಬಹುದು, ನೂರನೇ ಒಂದು ಪಾಲೂ ಇರಬಹುದು. ‘ನಾಲ್ಕಾಣೆ’ ಎಂಬ ಮಾತಿನಿಂದಲೂ ಕಾಲ ತಿಳಿಯದು. 2011ರ ಜೂನ್ 29ರವರೆಗೆ ಚಲಾವಣೆಯಲ್ಲಿದ್ದ 25 ಪೈಸೆಗೂ ಜನ ಹಾಗೇ ಅನ್ನುತ್ತಿದ್ದರು. ‘ಮೂರು ಕಾಸಿಗೆ ಕೊಂಡೆ’, ‘ಮುಕ್ಕಾಲಾಣೆ ಕೊಟ್ಟೆ’ ಅಂದರೆ ಮಾತ್ರ ಅದು ಹಳೆಯ ಲೆಕ್ಕವೆಂದು ಬಹುಮಟ್ಟಿಗೆ ನಂಬಬಹುದು.