ಬೇಲಿಯೇ ಹೊಲ ಮೇಯ್ದ ಕಥೆ: ಡಾಲ್ಟನ್ ಸೋದರರ ಇಪ್ಪತ್ತು ತಿಂಗಳು

ಕುದುರೆ ಕಟ್ಟಲು ಗೂಟ ಇರಲಿಲ್ಲ. ಲೆಕ್ಕ ತಪ್ಪಿದ್ದು ಅಲ್ಲಿಂದಲೇ.

1892ರ ಅಕ್ಟೋಬರ್ 5, ಬುಧವಾರ. ಅಮೆರಿಕದ ಕಾನ್ಸಾಸ್ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಕಾಫಿವಿಲ್ ಎಂಬ ಊರಿಗೆ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಐದು ಜನ ಕುದುರೆ ಏರಿ ಬಂದರು. ಬ್ಯಾಂಕಿನ ಬಾಗಿಲಲ್ಲೇ ಕುದುರೆ ಕಟ್ಟುವುದು, ಒಳಗೆ ನುಗ್ಗಿ ಹಣ ಬಾಚುವುದು, ಹೊರಗೆ ಬಂದವರೇ ಕುದುರೆ ಏರಿ ಪರಾರಿಯಾಗುವುದು ಅವರ ಲೆಕ್ಕ. ಆದರೆ ಆ ವಾರ ಬೀದಿ ರಿಪೇರಿ ನಡೆದಿತ್ತು. ಗೂಟಗಳನ್ನು ಕಿತ್ತುಹಾಕಿದ್ದರು. ವಾಪಸ್ ಹೋಗಿ ಇನ್ನೊಂದು ದಿನ ಬರಬಹುದಿತ್ತು, ಅಲ್ವಾ? ಹೋಗಲಿಲ್ಲ. ಸ್ವಲ್ಪ ದೂರದ ಓಣಿಯೊಂದರಲ್ಲಿ ಕುದುರೆ ಕಟ್ಟಿ ನಡೆದುಕೊಂಡೇ ಬಂದರು.

ಐವರಲ್ಲಿ ಮೂವರು ಅಣ್ಣತಮ್ಮಂದಿರು: ಗ್ರ್ಯಾಟ್, ಬಾಬ್ ಮತ್ತು ಎಮ್ಮೆಟ್ ಡಾಲ್ಟನ್. ಇನ್ನಿಬ್ಬರು ಬಿಲ್ ಪವರ್ ಮತ್ತು ಡಿಕ್ ಬ್ರಾಡ್ವೆಲ್. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಊರಿನ ನಾಲ್ವರು, ಇವರಲ್ಲಿ ನಾಲ್ವರು ಗುಂಡಿಗೆ ಬಲಿಯಾಗಿದ್ದರು.

ವೆಸ್ಟರ್ನ್ ಸಿನಿಮಾಗಳಲ್ಲಿ ಇಂಥ ಮನೆತನ ಒಂದಾದರೂ ಇದ್ದೇ ಇರುತ್ತದೆ. ಒಂದೇ ತಾಯಿಯ ಮಕ್ಕಳು, ಒಂದೇ ಕಸುಬು, ಕೊನೆಗೆ ನಡುಬೀದಿಯಲ್ಲಿ ಹೆಣ. ಡಾಲ್ಟನ್ನರ ನಿಜವಾದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ವಿಷಯ. ಇವರು ಕಳ್ಳರಾಗುವ ಮೊದಲು ಕಳ್ಳರನ್ನು ಹಿಡಿಯುವವರಾಗಿದ್ದರು.

ತಂದೆ ಲೂಯಿಸ್ ಡಾಲ್ಟನ್ ಹಿಂದೆ ಸಾರಾಯಿ ಅಂಗಡಿ ನಡೆಸಿದ್ದವನು. ತಾಯಿ ಅಡಲೈನ್, ಯಂಗರ್ ಮನೆತನದ ಹೆಣ್ಣುಮಗಳು. ಈ ಯಂಗರ್ ಹೆಸರನ್ನು ನೆನಪಿನಲ್ಲಿಡಿ. ಕೋಲ್ ಯಂಗರ್ ಮತ್ತು ಅವನ ತಮ್ಮಂದಿರು ಜೆಸ್ಸಿ ಜೇಮ್ಸ್ ಜೊತೆ ಸೇರಿ ಬ್ಯಾಂಕು, ರೈಲು ದೋಚುತ್ತಿದ್ದವರು. ಅಡಲೈನ್ ಅವರಿಗೆ ಸೋದರತ್ತೆ. 1876ರಲ್ಲಿ ಮಿನ್ನೆಸೋಟದ ನಾರ್ತ್‌ಫೀಲ್ಡ್‌ನಲ್ಲಿ ಬ್ಯಾಂಕಿಗೆ ಕೈಹಾಕಿದಾಗ ಊರವರೇ ಬಂದೂಕು ಹಿಡಿದು ಆ ಗುಂಪನ್ನು ಚೆಲ್ಲಾಪಿಲ್ಲಿ ಮಾಡಿದರು. ಮೂವರು ಯಂಗರ್ ಸೋದರರು ಜೈಲು ಸೇರಿದರು. ಆಗ ಎಮ್ಮೆಟ್ ಐದು ವರ್ಷದ ಹುಡುಗ. ನಾರ್ತ್‌ಫೀಲ್ಡ್‌ನ ಪಾಠ ಆ ಮನೆಯಲ್ಲಿ ಯಾರೂ ಕಲಿತಂತೆ ಕಾಣುವುದಿಲ್ಲ. ಹೆಸರಿನ ಹವಾ ಮಾತ್ರ ಉಳಿದಿತ್ತು.

ಲೂಯಿಸ್, ಅಡಲೈನ್ ದಂಪತಿಗೆ ಹದಿನೈದು ಮಕ್ಕಳು. ದರೋಡೆಯಲ್ಲಿ ಹೆಸರು ಬಂದದ್ದು ನಾಲ್ವರದು ಮಾತ್ರ. ಉಳಿದವರು ಬೇಸಾಯ, ಸಂಸಾರ ಅಂತ ಬದುಕಿದರು. ಇಡೀ ಮನೆತನಕ್ಕೆ ಮಸಿ ಬಳಿಯುವಾಗ ಇದನ್ನು ಯಾರೂ ಹೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋದವನು ಹಿರಿಯಣ್ಣಂದಿರಲ್ಲಿ ಒಬ್ಬನಾದ ಫ್ರ್ಯಾಂಕ್.

ಫ್ರ್ಯಾಂಕ್ ಡಾಲ್ಟನ್ ಡೆಪ್ಯುಟಿ ಮಾರ್ಷಲ್. ಅಂದರೆ ಕೇಂದ್ರ ಸರ್ಕಾರದ ಪೊಲೀಸ್ ಅಂದುಕೊಳ್ಳಿ. ಇಂದಿನ ಒಕ್ಲಹೋಮಾದ ಬಹುಭಾಗ ಆಗ ಇಂಡಿಯನ್ ಟೆರಿಟರಿ. ತಮ್ಮ ನೆಲದಿಂದ ಒಕ್ಕಲೆಬ್ಬಿಸಿದ ಮೂಲನಿವಾಸಿಗಳನ್ನು ಸರ್ಕಾರ ಅಲ್ಲಿಗೆ ಅಟ್ಟಿತ್ತು. ಚೆರೊಕೀ, ಕ್ರೀಕ್ ಮುಂತಾದ ಬುಡಕಟ್ಟುಗಳಿಗೆ ಅವರದೇ ಕೋರ್ಟು ಇತ್ತು. ಆದರೆ ಬಿಳಿಯರ ಮೇಲೆ ಆ ಕೋರ್ಟಿನ ಅಧಿಕಾರ ನಡೆಯುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ರಾಜ್ಯಗಳ ಕಳ್ಳಕಾಕರಿಗೆಲ್ಲ ಅದು ತವರುಮನೆಯಾಯಿತು. ಅವರನ್ನು ಹಿಡಿದು ತರಬೇಕಾದದ್ದು ಅರ್ಕಾನ್ಸಾಸ್‌ನ ಫೋರ್ಟ್ ಸ್ಮಿತ್‌ನಲ್ಲಿದ್ದ ನ್ಯಾಯಾಧೀಶ ಐಸಾಕ್ ಪಾರ್ಕರ್ ಕೋರ್ಟಿಗೆ. ಪಾರ್ಕರ್ ಇಪ್ಪತ್ತೊಂದು ವರ್ಷ ಆ ಪೀಠದಲ್ಲಿ ಕೂತ. 160 ಜನಕ್ಕೆ ಮರಣದಂಡನೆ ಬರೆದ, 79 ಜನ ನೇಣಿಗೇರಿದರು.

ಡೆಪ್ಯುಟಿಗಳಿಗೆ ತಿಂಗಳ ಸಂಬಳ ಇರಲಿಲ್ಲ. ಕೆಲಸದ ಮೇಲೆ ಓಡಾಡಿದರೆ ಮೈಲಿಗೆ ಆರು ಸೆಂಟ್. ಒಬ್ಬನನ್ನು ಬಂಧಿಸಿದರೆ ಇಷ್ಟು ಅಂತ ಒಂದು ಪುಡಿಗಾಸು. ಬಂಧಿಸಲು ಹೋದಾಗ ಆರೋಪಿ ಸತ್ತರೆ ಆ ಪುಡಿಗಾಸೂ ಇಲ್ಲ. ಬಿಲ್ ಬರೆದು ಕಳಿಸಿ ತಿಂಗಳುಗಟ್ಟಲೆ ಕಾಯಬೇಕು. ಇಷ್ಟಕ್ಕೆ ಪ್ರಾಣ ಪಣಕ್ಕಿಡಬೇಕು. 1887ರ ನವೆಂಬರ್‌ನಲ್ಲಿ ಫ್ರ್ಯಾಂಕ್‌ನ ಪ್ರಾಣ ಹೋದದ್ದು ಹೀಗೇ. ಫೋರ್ಟ್ ಸ್ಮಿತ್‌ನ ಎದುರು ದಂಡೆಯಲ್ಲಿ, ಕುದುರೆ ಕಳ್ಳರನ್ನು ಹಿಡಿಯಲು ಹೋಗಿ.

ಅಣ್ಣ ಸತ್ತ ಮೇಲೆ ಗ್ರ್ಯಾಟ್ ಮತ್ತು ಬಾಬ್ ಬ್ಯಾಡ್ಜ್ ಹಾಕಿಕೊಂಡರು. ಬಾಬ್‌ಗೆ ಇಪ್ಪತ್ತು ತುಂಬುವ ಮೊದಲೇ ಕೈಯಲ್ಲಿ ಅಧಿಕಾರ ಬಂತು. ಓಸೇಜ್ ಬುಡಕಟ್ಟಿನ ಪೊಲೀಸರಿಗೂ ಮುಖ್ಯಸ್ಥನಾಗಿದ್ದ. ಎಮ್ಮೆಟ್ ಅವನ ಬೆನ್ನಿಗೆ. ಬರಬೇಕಾದ ಹಣ ಬರಲಿಲ್ಲ ಎಂಬುದು ಈ ಸೋದರರ ದೊಡ್ಡ ಕೊರಗು. ಅದು ಸುಳ್ಳೇನೂ ಅಲ್ಲ. ಆದರೆ ಅದೊಂದೇ ಕಾರಣ ಎಂದರೆ ಸುಮ್ನೆ ಅವರ ಪರ ವಕಾಲತ್ತು ಮಾಡಿದಂತೆ. ಅದೇ ಪುಡಿಗಾಸಿಗೆ ದುಡಿದ ನೂರಾರು ಡೆಪ್ಯುಟಿಗಳು ರೈಲು ದೋಚಲು ಹೋಗಲಿಲ್ಲ. 1890ರ ಹೊತ್ತಿಗೆ ಬಾಬ್ ಮೇಲೆ ಮದ್ಯ ನಿಷೇಧವಿದ್ದ ಓಸೇಜ್ ನೆಲಕ್ಕೆ ಸಾರಾಯಿ ಸಾಗಿಸಿದ ಆರೋಪ ಬಂತು. ಸಾರಾಯಿ ತಡೆಯಬೇಕಾದವನೇ ಅವನು! ಹಿಂದೆಯೇ ಕದ್ದ ಕುದುರೆಗಳನ್ನು ಕಾನ್ಸಾಸ್‌ನಲ್ಲಿ ಮಾರಿದ ಆರೋಪ. ಅಣ್ಣನ ಜೀವ ತೆಗೆದದ್ದು ಕುದುರೆ ಕಳ್ಳರ ಗುಂಡು. ಮೂರೇ ವರ್ಷದಲ್ಲಿ ತಮ್ಮಂದಿರೂ ಅದೇ ದಂಧೆಗೆ ಇಳಿದಿದ್ದರು.

ಅಲ್ಲಿಂದ ತಲೆಮರೆಸಿಕೊಂಡು ಕ್ಯಾಲಿಫೋರ್ನಿಯಾದಲ್ಲಿದ್ದ ಅಣ್ಣ ಬಿಲ್ ಹತ್ತಿರ ಹೋದರು. 1891ರ ಫೆಬ್ರವರಿ 6ರ ರಾತ್ರಿ ಅಲಿಲಾ ಎಂಬಲ್ಲಿ ಸದರ್ನ್ ಪೆಸಿಫಿಕ್ ರೈಲಿಗೆ ದಾಳಿಯಾಯಿತು. ಎಂಜಿನ್‌ಗೆ ಕಲ್ಲಿದ್ದಲು ಹಾಕುವವನು ಗುಂಡು ತಾಗಿ ಸತ್ತ. ದುಡ್ಡೂ ಸಿಗಲಿಲ್ಲ. ಇದನ್ನು ನಿಜಕ್ಕೂ ಡಾಲ್ಟನ್ನರೇ ಮಾಡಿದ್ದಾ ಎಂಬ ಜಗಳ ಇನ್ನೂ ಮುಗಿದಿಲ್ಲ. ರೈಲ್ವೆಯವರಿಗೆ ಸಂಶಯವೇ ಇರಲಿಲ್ಲ. ಗ್ರ್ಯಾಟ್‌ಗೆ ಶಿಕ್ಷೆಯಾಯಿತು, ಅವನು ಜೈಲಿನಿಂದ ತಪ್ಪಿಸಿಕೊಂಡ. ಬಿಲ್ ಖುಲಾಸೆಯಾದ.

1891ರ ಮೇ ತಿಂಗಳಿಂದ ಹದಿನಾಲ್ಕು ತಿಂಗಳಲ್ಲಿ ಒಕ್ಲಹೋಮಾ ಕಡೆಯಲ್ಲಿ ನಾಲ್ಕು ರೈಲು ದರೋಡೆ: ವಾರ್ಟನ್, ಲಿಲಿಯೆಟ್ಟಾ, ರೆಡ್ ರಾಕ್, ಅಡೇರ್. ರೆಡ್ ರಾಕ್‌ನದು ಕೇಳುವಂಥದ್ದು. 1892ರ ಜೂನ್ 1ರ ರಾತ್ರಿ ಸ್ಟೇಷನ್ನಿಗೆ ಬಂದ ರೈಲಿನ ಒಂದು ಬೋಗಿಯಲ್ಲಿ ದೀಪವೇ ಇರಲಿಲ್ಲ. ಏನೋ ಸರಿಯಿಲ್ಲ ಎಂದು ಬಾಬ್ ತನ್ನವರನ್ನು ತಡೆದ. ಆ ಕತ್ತಲ ಬೋಗಿಯ ತುಂಬಾ ಬಂದೂಕುಧಾರಿ ಕಾವಲುಗಾರರಿದ್ದರು. ಅದು ಹೋದ ಮೇಲೆ ಬಂದ ಎರಡನೇ ರೈಲನ್ನು ದೋಚಿದರು. ಪೊಲೀಸ್ ಬುದ್ಧಿ ಗೊತ್ತಿದ್ದವನಿಗೆ ಮಾತ್ರ ಹೊಳೆಯುವ ಸಂಗತಿ ಅದು. ಜುಲೈನಲ್ಲಿ ಅಡೇರ್‌ನಲ್ಲಿ ಕಾವಲುಗಾರರು ಇದ್ದರೂ ದೋಚಿದರು. ಹತ್ತಿರದ ಔಷಧಿ ಅಂಗಡಿಯಲ್ಲಿದ್ದ ಒಬ್ಬ ಡಾಕ್ಟರು ಯಾರದೋ ಗುಂಡಿಗೆ ಸತ್ತರು. ಇನ್ನೊಂದು ಕಾಕತಾಳೀಯ ನೋಡಿ: ಜೆಸ್ಸಿ ಜೇಮ್ಸ್ ಗುಂಪು 1873ರಲ್ಲಿ ಮೊದಲು ರೈಲು ದೋಚಿದ ಅಯೋವಾದ ಊರಿನ ಹೆಸರೂ ಅಡೇರ್. ಡಾಲ್ಟನ್ ಸೋದರರ ಕೊನೆಯ ರೈಲು ದರೋಡೆಯೂ ಅಡೇರ್‌ನಲ್ಲೇ ಆಯಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1889ರಲ್ಲಿ ಒಕ್ಲಹೋಮಾದ ನೆಲವನ್ನು ಬಿಳಿಯ ವಲಸಿಗರಿಗೆ ತೆರೆದಿದ್ದರು. ಇನ್ನು ಫ್ರಾಂಟಿಯರ್, ಅಂದರೆ ವಲಸಿಗರ ನೆಲೆ ಮುಗಿಯುವ ಗಡಿ, ಎಂಬ ಗೆರೆ ನಕಾಶೆಯಲ್ಲಿ ಎಳೆಯುವಂತಿಲ್ಲ ಎಂದು 1890ರ ಜನಗಣತಿಯೇ ಹೇಳಿತ್ತು. ಕುದುರೆಗಿಂತ ಮುಂಚೆ ತಂತಿ ಸುದ್ದಿ ತಲುಪುತ್ತಿತ್ತು. ಅಡಗಿ ಕೂರುವ ಜಾಗ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ತಲೆಗೆ ದೊಡ್ಡ ಬಹುಮಾನ ಬೇರೆ. ಒಂದು ದೊಡ್ಡ ಕೈ ಹೊಡೆದು ದೇಶಾಂತರ ಹೋಗಿಬಿಡೋಣ ಎಂದು ಬಾಬ್ ಯೋಚಿಸಿದ್ದು ಅದಕ್ಕೇ. ಹಾಡುಹಗಲಲ್ಲಿ, ಒಂದೇ ಊರಿನ ಎರಡು ಬ್ಯಾಂಕು ಒಟ್ಟಿಗೆ. ಜೆಸ್ಸಿ ಜೇಮ್ಸ್ ಕೂಡ ಮಾಡದ್ದನ್ನು ಮಾಡಬೇಕು ಎಂಬ ಹುಕಿಯೂ ಅವನಿಗಿತ್ತು ಎನ್ನುತ್ತಾರೆ.

ಆರಿಸಿದ್ದು ಕಾಫಿವಿಲ್. ಕೆಲವು ವರ್ಷ ಡಾಲ್ಟನ್ ಕುಟುಂಬ ಬದುಕಿದ್ದ ಊರು, ಫ್ರ್ಯಾಂಕ್‌ನನ್ನು ಮಣ್ಣು ಮಾಡಿದ ಊರು. ಬೀದಿ ಬೀದಿಯೂ ತಮಗೆ ಗೊತ್ತು ಎಂದು ಬಂದರು. ತಾವೂ ಊರಿಗೆ ಗೊತ್ತು ಎಂಬುದು ತಲೆಗೆ ಹೋದದ್ದು ಅರ್ಧ ಮಾತ್ರ: ಸುಳ್ಳು ಗಡ್ಡ ಮೀಸೆ ಅಂಟಿಸಿಕೊಂಡಿದ್ದರು.

ಅಂಗಡಿಯ ಮುಂದೆ ನಿಂತಿದ್ದ ಅಲೆಕ್ ಮೆಕೆನಾ ಎಂಬವನಿಗೆ ಗಡ್ಡದ ಹಿಂದಿನ ಮುಖದ ಗುರುತು ಹತ್ತಿತು. ಬಾಬ್ ಮತ್ತು ಎಮ್ಮೆಟ್ ಫಸ್ಟ್ ನ್ಯಾಷನಲ್ ಬ್ಯಾಂಕಿಗೆ, ಗ್ರ್ಯಾಟ್ ಮತ್ತಿಬ್ಬರು ಎದುರಿನ ಕಾಂಡನ್ ಬ್ಯಾಂಕಿಗೆ ಹೋದರು. ಮೆಕೆನಾ ಕಣ್ಣು ಕಿಟಕಿ ಕಡೆ ಹೋಯಿತು, ಒಳಗೆ ಬಂದೂಕು ಕಂಡಿತು. ಬ್ಯಾಂಕ್ ದೋಚುತ್ತಿದ್ದಾರೆ ಎಂದು ಕೂಗಿದ.

ಸಿನಿಮಾ ನೋಡಿದವರಿಗೆ ಆಶ್ಚರ್ಯ ಆಗಬಹುದು, ಆ ಬೆಳಿಗ್ಗೆ ಊರಿನವರ ಸೊಂಟದಲ್ಲಿ ಪಿಸ್ತೂಲು ಇರಲಿಲ್ಲ. ಊರಿನ ಪೊಲೀಸ್ ಮುಖ್ಯಸ್ಥನಾದ ಮಾರ್ಷಲ್ ಬಳಿಯೂ ಇರಲಿಲ್ಲ. ಜನ ಓಡಿದ್ದು ಹಾರ್ಡ್‌ವೇರ್ ಅಂಗಡಿಗಳಿಗೆ. ಐಶಮ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ರೈಫಲ್ಲು, ತೋಟಾಗಳನ್ನು ಕೈಕೈಗೆ ದಾಟಿಸಿದರು. ಆ ಅಂಗಡಿಯ ಬಾಗಿಲಲ್ಲಿ ನಿಂತರೆ ಕುದುರೆ ಕಟ್ಟಿದ್ದ ಓಣಿ ನೇರ ಕಾಣುತ್ತದೆ.

ಕಾಂಡನ್ ಬ್ಯಾಂಕಿನಲ್ಲಿ ಕ್ಯಾಷಿಯರ್ ಚಾರ್ಲ್ಸ್ ಬಾಲ್ ಒಂದು ಸುಳ್ಳು ಹೇಳಿದ. ತಿಜೋರಿಗೆ ಗಡಿಯಾರದ ಬೀಗ ಇದೆ, 9:45ಕ್ಕೆ ಮುಂಚೆ ತೆಗೆಯಲು ಆಗುವುದಿಲ್ಲ ಎಂದ. ಬೀಗ ಆಗಲೇ ತೆರೆದಿತ್ತು. ಹಿಡಿಕೆ ಎಳೆದಿದ್ದರೆ ಸಾಕಿತ್ತು. ಗ್ರ್ಯಾಟ್ ಎಳೆದು ನೋಡಲಿಲ್ಲ. ಕಾಯುತ್ತೇನೆ ಎಂದ! ಹೊರಗೆ ಊರು ತೋಟಾ ತುಂಬಿಕೊಳ್ಳುತ್ತಿದ್ದಾಗ ಒಳಗೆ ಇವನು ಗಡಿಯಾರ ನೋಡುತ್ತಾ ನಿಂತ. ಕಿಟಕಿ ಗಾಜು ಒಡೆದು ಗುಂಡು ಬರತೊಡಗಿದಾಗಲೇ ಅವನಿಗೆ ಬುದ್ಧಿ ಬಂದದ್ದು.

ಬಾಬ್ ಮತ್ತು ಎಮ್ಮೆಟ್ 20 ಸಾವಿರ ಡಾಲರ್‌ನಷ್ಟು ಚೀಲಕ್ಕೆ ತುಂಬಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದರು. ದಾರಿಯಲ್ಲಿ ಲೂಸಿಯಸ್ ಬಾಲ್ಡ್ವಿನ್ ಎಂಬ ಯುವಕ ಸತ್ತ. ಬೂಟು ಹೊಲಿಯುತ್ತಿದ್ದ ಜಾರ್ಜ್ ಕ್ಯೂಬೈನ್ ಸತ್ತ. ಅವನ ರೈಫಲ್ ಎತ್ತಿಕೊಳ್ಳಲು ಬಗ್ಗಿದ ಇನ್ನೊಬ್ಬ ಬೂಟಿನ ಕೆಲಸದವ, ಚಾರ್ಲ್ಸ್ ಬ್ರೌನ್ ಸತ್ತ. ಓಣಿಯಲ್ಲಿ ಗ್ರ್ಯಾಟ್ ಹಾರಿಸಿದ ಗುಂಡಿಗೆ ಮಾರ್ಷಲ್ ಚಾರ್ಲ್ಸ್ ಕಾನಲಿ ಬಿದ್ದ. ಮೊದಲು ಶಾಲೆಯ ಮೇಷ್ಟರಾಗಿದ್ದವನು ಅವನು. ಕುದುರೆ ಲಾಯದ ಮಾಲೀಕ ಜಾನ್ ಕ್ಲೋರ್ ಗ್ರ್ಯಾಟ್‌ನನ್ನು ಉರುಳಿಸಿದ. ಬಾಬ್, ಪವರ್ ಅದೇ ಓಣಿಯಲ್ಲಿ ಸತ್ತರು. ಬ್ರಾಡ್ವೆಲ್ ಕುದುರೆ ಏರಿ ಊರು ದಾಟಿದ, ಹೆಣ ಊರಾಚೆಯ ದಾರಿಯಲ್ಲಿ ಸಿಕ್ಕಿತು. ಎಮ್ಮೆಟ್‌ಗೆ ಹೊರಟುಹೋಗುವ ಅವಕಾಶ ಇತ್ತು. ಅವನು ಕುದುರೆ ತಿರುಗಿಸಿ, ಬಿದ್ದಿದ್ದ ಬಾಬ್ ಕಡೆ ಬಗ್ಗಿ ಕೈ ಚಾಚಿದ. ಆಗ ಬೆನ್ನಿಗೆ ಚರೆಗುಂಡು ಬಿತ್ತು.

ಆಮೇಲಿನದು ಹೇಳಲು ಮನಸ್ಸು ಬರುವುದಿಲ್ಲ, ಆದರೂ ಹೇಳಬೇಕು. ಹೆಣಗಳನ್ನು ಎತ್ತಿ ನಿಲ್ಲಿಸಿ ಫೋಟೊ ತೆಗೆದರು. ಜನ ನೆನಪಿಗೆಂದು ಕೂದಲು, ಬಟ್ಟೆಯ ಚೂರು ಕತ್ತರಿಸಿಕೊಂಡರು. ಗ್ರ್ಯಾಟ್‌ನ ಕೈಯನ್ನು ಬೋರ್‌ವೆಲ್ ಹ್ಯಾಂಡಲ್ಲಿನ ಹಾಗೆ ಮೇಲೆ ಕೆಳಗೆ ಆಡಿಸಿ, ಗಾಯದಿಂದ ರಕ್ತ ಚಿಮ್ಮುವುದನ್ನು ನೋಡಿದರು.

23 ಗಾಯಗಳಾಗಿದ್ದ ಎಮ್ಮೆಟ್ ಬದುಕಿದ. ಜೀವಾವಧಿ ಶಿಕ್ಷೆಯಾಗಿ ಹದಿನಾಲ್ಕು ವರ್ಷ ಜೈಲಿನಲ್ಲಿದ್ದು 1907ರಲ್ಲಿ ಕ್ಷಮಾದಾನ ಪಡೆದ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸೈಟು, ಮನೆಗಳ ವ್ಯವಹಾರ ಮಾಡಿದ, ಸಿನಿಮಾದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ. 1937ರಲ್ಲಿ ತೀರಿಕೊಂಡ. ಅಣ್ಣ ಬಿಲ್ ಡಾಲ್ಟನ್ ಮಾತ್ರ ಸುಮ್ಮನಿರಲಿಲ್ಲ. ಹಳೇ ಗುಂಪಿನಲ್ಲಿದ್ದ ಬಿಲ್ ಡೂಲಿನ್ ಜೊತೆ ಸೇರಿದ, ಬಳಿಕ ಟೆಕ್ಸಸ್‌ನ ಲಾಂಗ್‌ವ್ಯೂನಲ್ಲಿ ಬ್ಯಾಂಕು ದೋಚಿದ. 1894ರ ಜೂನ್‌ನಲ್ಲಿ ಡೆಪ್ಯುಟಿಗಳ ಗುಂಡಿಗೆ ಬಲಿಯಾದ.

ಕಾಫಿವಿಲ್ ಈಗಲೂ ಅಕ್ಟೋಬರ್‌ನಲ್ಲಿ ಸತ್ತ ತನ್ನ ನಾಲ್ವರ ನೆನಪಿಗೆ ಹಬ್ಬ ಮಾಡುತ್ತದೆ. ಊರಿನ ಎಲ್ಮ್‌ವುಡ್ ಸ್ಮಶಾನದಲ್ಲಿ ಡೆಪ್ಯುಟಿ ಮಾರ್ಷಲ್ ಫ್ರ್ಯಾಂಕ್ ಡಾಲ್ಟನ್‌ನ ಗೋರಿ ಇದೆ. ಅದೇ ಸ್ಮಶಾನದಲ್ಲಿ ಗ್ರ್ಯಾಟ್, ಬಾಬ್, ಪವರ್ ಮೂವರೂ ಒಟ್ಟಿಗಿದ್ದಾರೆ. ಎಮ್ಮೆಟ್ ಮುಂದೆ ಎಂದೋ ಕಲ್ಲು ನೆಡಿಸುವವರೆಗೆ ಅವರ ಗೋರಿಗೆ ಗುರುತು ಅಂತ ಇದ್ದದ್ದು ಒಂದು ತುಂಡು ಕಬ್ಬಿಣದ ಪೈಪು. ಓಣಿಯಲ್ಲಿ ಅವರು ಆ ಬೆಳಿಗ್ಗೆ ಕುದುರೆ ಕಟ್ಟಿದ್ದು ಆ ಪೈಪಿಗೇ ಎಂದು ಊರವರು ಹೇಳುತ್ತಾರೆ.